ಡೆಫ್ ಹೀಟರ್ ಕೋಡ್ ಬಂದಾಗ: ಸ್ಕ್ಯಾನರ್, ಓಮ್ ಮೀಟರ್, ಬಲ್ಬ್, ಕ್ಲಾಂಪ್ - ಯಾವುದು ಎಷ್ಟು ಕೆಲಸಕ್ಕೆ ಬಂತು

ಆಲ್ಬರ್ಟಾದಲ್ಲಿ ಟ್ರಕ್ ರಿಪೇರಿ ಮಾಡುವವರಿಗೆ ಡೆಫ್ ಹೀಟರ್ ಕೋಡ್ (ಡೆಫ್ ಬಿಸಿ ಮಾಡುವ ಹೀಟರಿನ ದೋಷದ ನಂಬರ್) ಹೊಸದೇನಲ್ಲ. ಊರಿನ ಕಡೆ ಆಡ್‌ಬ್ಲೂ ಅನ್ನುತ್ತಾರಲ್ಲ, ಡೀಸೆಲ್ ಹೊಗೆ ಶುದ್ಧ ಮಾಡಲು ಸಿಂಪಡಿಸುವ ಆ ದ್ರವವೇ ಡೆಫ್. 32.5% ಯೂರಿಯಾ, ಉಳಿದದ್ದು ಶುದ್ಧ ನೀರು. ಮೈನಸ್ 11 ಡಿಗ್ರಿಗೆ ಗಟ್ಟಿಯಾಗುತ್ತದೆ. ಇಲ್ಲಿ ಜನವರಿಯಲ್ಲಿ ಮೈನಸ್ 30 ಅಂದರೆ ಯಾರೂ ಹುಬ್ಬೇರಿಸುವುದಿಲ್ಲ.

ನನ್ನ ಕೈಗೆ ಬರುವ ಹೆಚ್ಚಿನ ಟ್ರಕ್‌ಗಳಲ್ಲಿ ಟ್ಯಾಂಕನ್ನು ಎಂಜಿನ್ ಕೂಲೆಂಟ್ ಬಿಸಿ ಮಾಡುತ್ತದೆ. ಪೈಪುಗಳಿಗೆ ಮಾತ್ರ ಕರೆಂಟ್ ಹೀಟರ್. ಟ್ಯಾಂಕಿನಿಂದ ಪಂಪಿಗೆ ಒಂದು ಪೈಪು, ಪಂಪಿನಿಂದ ವಾಪಸ್ ಟ್ಯಾಂಕಿಗೆ ಒಂದು, ಪಂಪಿನಿಂದ ಹೊಗೆಗೆ ಡೆಫ್ ಸಿಂಪಡಿಸುವ ಡೋಸರ್‌ಗೆ ಇನ್ನೊಂದು. ಪೈಪಿನ ಉದ್ದಕ್ಕೂ ತೆಳು ತಂತಿ ಓಡುತ್ತದೆ. ಅದು ಬಿಸಿಯಾಗದಿದ್ದರೆ ಡೋಸಿಂಗ್ ಆಗುವುದಿಲ್ಲ. ಡೋಸಿಂಗ್ ಇಲ್ಲದೆ ತುಂಬಾ ಹೊತ್ತು ಓಡಿದರೆ ಇಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್) ಎಂಜಿನ್ನಿನ ಶಕ್ತಿಯನ್ನೇ ಇಳಿಸಿಬಿಡುತ್ತದೆ. ಆಮೇಲೆ ಡ್ರೈವರ್ ಫೋನ್ ಮಾಡಿ ಕೂಗಾಡುವುದು ನಮ್ಮ ಮೇಲೆ.

ಸ್ಕ್ಯಾನರ್‌ನಿಂದ ಶುರು ಮಾಡೋಣ, ಎಲ್ಲರೂ ಶುರು ಮಾಡುವುದು ಅಲ್ಲಿಂದಲೇ. ಎಸ್‌ಪಿಎನ್ (ಯಾವ ಭಾಗದಲ್ಲಿ ದೋಷ ಎಂದು ಹೇಳುವ ನಂಬರ್) 4354, 4355, 4356 ಅಂದರೆ ಒಂದು, ಎರಡು, ಮೂರನೇ ಲೈನ್ ಹೀಟರ್. 3363 ಬಂದರೆ ಟ್ಯಾಂಕ್ ಹೀಟರ್. ಜನ ಈ ನಂಬರ್ ನೋಡಿ ಹೊಸ ಪೈಪು ಆರ್ಡರ್ ಮಾಡುತ್ತಾರೆ. ಅದರ ಪಕ್ಕದಲ್ಲಿರುವ ಎಫ್‌ಎಂಐ (ದೋಷ ಯಾವ ತರಹದ್ದು ಎಂದು ಹೇಳುವ ನಂಬರ್) ಕಡೆ ನೋಡುವುದೇ ಇಲ್ಲ. ನಿಜವಾದ ಸುಳಿವು ಇರುವುದು ಅಲ್ಲಿ. 3 ಅಂದರೆ ವೋಲ್ಟೇಜ್ ಜಾಸ್ತಿ, 4 ಅಂದರೆ ಕಡಿಮೆ. 5 ಅಂದರೆ ಕರೆಂಟ್ ಹರಿಯುತ್ತಿಲ್ಲ, ಎಲ್ಲೋ ತುಂಡಾಗಿದೆ. 6 ಅಂದರೆ ವಿಪರೀತ ಹರಿಯುತ್ತಿದೆ, ಎಲ್ಲೋ ಶಾರ್ಟ್. ಮೂರೂ ಲೈನಿನ ಕೋಡ್ ಒಟ್ಟಿಗೆ ಬಂದರೆ ಪೈಪು ಮುಟ್ಟಲೇಬೇಡಿ. ಮೂರು ತಂತಿ ಒಂದೇ ದಿನ ಮಾತಾಡಿಕೊಂಡು ಸಾಯುವುದಿಲ್ಲ. ಮೊದಲು ರಿಲೇ (ಹೀಟರ್‌ಗೆ ಕರೆಂಟ್ ಬಿಡುವ ಸ್ವಿಚ್), ಫ್ಯೂಸ್, ಗ್ರೌಂಡ್ ನೋಡಿ.

ಅಗ್ಗದ ಕೋಡ್ ರೀಡರ್‌ಗೂ ಎಂಜಿನ್ ಕಂಪನಿಯ ಸಾಫ್ಟ್‌ವೇರ್‌ಗೂ ನನಗೆ ಕಂಡ ದೊಡ್ಡ ವ್ಯತ್ಯಾಸ ಒಂದೇ. ರೀಡರ್ ಕೋಡ್ ಓದುತ್ತದೆ, ಅಳಿಸುತ್ತದೆ, ಅಷ್ಟೇ. ಸಾಫ್ಟ್‌ವೇರ್ ಹೀಟರನ್ನು ಆನ್ ಮಾಡಿಸುತ್ತದೆ. ಜುಲೈ ತಿಂಗಳಲ್ಲಿ 25 ಡಿಗ್ರಿ ಬಿಸಿಲಿನಲ್ಲಿ ಹೀಟರ್ ತಾನಾಗಿ ಆನ್ ಆಗುವುದಿಲ್ಲ, ಅಲ್ವಾ? ಆನ್ ಆಗದಿದ್ದರೆ ಅಳೆಯುವುದು ಏನನ್ನು? ಈ ಒಂದು ಕಾರಣಕ್ಕೆ ದುಬಾರಿ ಸಾಫ್ಟ್‌ವೇರ್‌ಗೆ ನನ್ನ ಓಟು.

ಇನ್ನು ಓಮ್ ಮೀಟರ್. ಪ್ಲಗ್ ಬಿಚ್ಚಿ, ಎರಡು ಪಿನ್‌ಗೆ ಪ್ರೋಬ್ ಇಟ್ಟರೆ ಒಂದು ನಿಮಿಷದ ಕೆಲಸ. ಓಎಲ್ (ಅಳತೆ ಮೀರಿದೆ) ಅಂತ ತೋರಿಸಿದರೆ ತಂತಿ ತುಂಡಾಗಿದೆ, ವಾದವೇ ಇಲ್ಲ. ತೊಂದರೆ ಇರುವುದು ಅದು ಸರಿ ಅಂಕಿ ತೋರಿಸಿದಾಗ. ಓಮ್ ನೋಡಲು ಪ್ಲಗ್ ಬಿಚ್ಚಬೇಕು. ಕೆಟ್ಟಿರುವುದು ಆ ಪ್ಲಗ್ಗೇ ಆಗಿದ್ದರೆ? ಕೆಟ್ಟ ಜಾಗವನ್ನು ಪಕ್ಕಕ್ಕಿಟ್ಟು ಉಳಿದದ್ದು ಚೆನ್ನಾಗಿದೆ ಅಂತ ಸರ್ಟಿಫಿಕೇಟ್ ಕೊಟ್ಟ ಹಾಗಾಯಿತು. ಡೆಫ್ ಒಂದು ಸಲ ಸೋರಿದರೆ ಸುಮ್ನೆ ಕೂರುವುದಿಲ್ಲ. ಕನೆಕ್ಟರ್ ಒಳಗೆ ನುಗ್ಗಿ, ತಂತಿಯ ಎಳೆಗಳ ಸಂದಿಯಲ್ಲಿ ಹತ್ತುತ್ತಾ ಹೋಗುತ್ತದೆ. ತಾಮ್ರ ಹಸಿರಾಗುತ್ತದೆ, ಮೇಲೆ ಬಿಳಿ ಉಪ್ಪು ಕಟ್ಟುತ್ತದೆ. ಮೇಲಾಗಿ ಮೀಟರ್ ಕಳಿಸುವ ಕರೆಂಟ್ ಮಿಲಿ ಆಂಪ್ ಲೆಕ್ಕದ್ದು. ಒಂದೇ ಎಳೆ ಉಳಿದಿದ್ದರೂ ಅದು ದಾಟಿಬಿಡುತ್ತದೆ. ಪಿಟಿಸಿ (ಬಿಸಿಯಾದಂತೆ ಓಮ್ ಏರುವ) ಹೀಟರ್ ಇದ್ದರಂತೂ ಚಳಿಯಲ್ಲಿ ಒಂದು ಅಂಕಿ, ಬಿಸಿಯಲ್ಲಿ ಇನ್ನೊಂದು.

ಇನ್ನೊಂದು ಮಾತು. ಪ್ರೋಬನ್ನು ಹೆಣ್ಣು ಪಿನ್ ಒಳಗೆ ತುರುಕಬೇಡಿ. ಪಿನ್ ಅಗಲವಾಗಿ ಹೊಸದೊಂದು ದೋಷ ಹುಟ್ಟುತ್ತದೆ.

ಬಲ್ಬ್ ಟೆಸ್ಟ್ ನನಗೆ ಇಷ್ಟ. 55 ವ್ಯಾಟಿನ ಹೆಡ್‌ಲೈಟ್ ಬಲ್ಬ್ 12 ವೋಲ್ಟಿನಲ್ಲಿ ಸುಮಾರು 4.6 ಆಂಪ್ ಎಳೆಯುತ್ತದೆ. ಲೈನ್ ಹೀಟರ್ ಎಳೆಯುವುದೂ ಹೆಚ್ಚುಕಡಿಮೆ ಅಷ್ಟೇ. ಹೀಟರ್ ಬದಲು ಹಾರ್ನೆಸ್ (ಗಾಡಿಯ ವೈರಿಂಗ್ ಕಟ್ಟು) ಕಡೆ ಬಲ್ಬ್ ಹಾಕಿ ಹೀಟರ್ ಆನ್ ಮಾಡಿಸಿದರೆ ಸಾಕು. ಪೂರ್ತಿ ಉರಿದರೆ ರಿಲೇಯಿಂದ ಇಲ್ಲಿವರೆಗೆ ಸರಿ ಇದೆ. ಮಂಕಾದರೆ ಹಾರ್ನೆಸ್ಸಿನಲ್ಲೇ ತೊಂದರೆ. ಎಲ್‌ಇಡಿ ಟೆಸ್ಟ್ ಲೈಟ್ ಇಲ್ಲಿ ದಂಡ. ಅದಕ್ಕೆ ಬೇಕಾದ ಕರೆಂಟ್ ಎಷ್ಟು ಕಡಿಮೆ ಅಂದರೆ ಕೊಳೆತ ತಂತಿಯಲ್ಲೂ ಜಗಮಗಿಸುತ್ತದೆ. ಆದರೆ ಇಸಿಎಂ ಪಿನ್ ನೇರವಾಗಿ ಹೀಟರ್ ಓಡಿಸುವ ಗಾಡಿಯಲ್ಲಿ ಬಲ್ಬ್ ಹಾಕಬೇಡಿ. ತಣ್ಣಗಿನ ಫಿಲಮೆಂಟ್ ಮೊದಲ ಕ್ಷಣದಲ್ಲಿ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ರಿಲೇ ಮೂಲಕ ಬರುವ ಲೈನಿಗೆ ಮಾತ್ರ ಇದು.

ತಂತಿಯನ್ನು ಹೊರಗಿನಿಂದ ಹಿಡಿದು ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ ಮುಂದೆ ಇವೆಲ್ಲ ಎರಡನೇ ಸ್ಥಾನ. ಏನೂ ಬಿಚ್ಚಬೇಕಾಗಿಲ್ಲ, ಅದೇ ಅದರ ಹೆಚ್ಚುಗಾರಿಕೆ. ಕೆಟ್ಟ ಪ್ಲಗ್ ಕೆಟ್ಟ ಸ್ಥಿತಿಯಲ್ಲೇ ಇರುತ್ತದೆ, ನೀವು ಇಡೀ ಸರ್ಕ್ಯೂಟನ್ನು ಇದ್ದ ಹಾಗೇ ನೋಡುತ್ತೀರಿ. ಹೀಟರ್ 3 ಓಮ್ ಅಂತಿಟ್ಟುಕೊಳ್ಳಿ. ಎಂಜಿನ್ ಓಡುವಾಗ 13.8 ವೋಲ್ಟಿಗೆ 4.6 ಆಂಪ್ ಬರಬೇಕು. ಕನೆಕ್ಟರ್‌ನಲ್ಲಿ 1.5 ಓಮ್ ಕೊಳೆ ಸೇರಿದರೆ ಸುಮಾರು 3 ಆಂಪ್‌ಗೆ ಇಳಿಯುತ್ತದೆ. ಆಗ ಹೀಟರ್‌ಗೆ ಸಿಗಬೇಕಾದ 63 ವ್ಯಾಟಿನಲ್ಲಿ 28 ಮಾತ್ರ ಸಿಗುತ್ತದೆ. ಇನ್ನು 14 ವ್ಯಾಟ್ ಆ ಕನೆಕ್ಟರಿನಲ್ಲೇ ಬಿಸಿಯಾಗಿ ಪ್ಲಾಸ್ಟಿಕ್ಕನ್ನು ಕಂದು ಮಾಡುತ್ತದೆ. ಕ್ಲಾಂಪ್ ಕಡಿಮೆ ತೋರಿಸಿದ ಮೇಲೆ ಅದೇ ಲೋಡಿನಲ್ಲಿ ವೋಲ್ಟೇಜ್ ಡ್ರಾಪ್ (ಪ್ರತಿ ಪ್ಲಗ್ಗಿನಲ್ಲಿ ಕಳೆದುಹೋಗುವ ವೋಲ್ಟ್) ಅಳೆದರೆ ಯಾವ ಪ್ಲಗ್ ಎಂದು ಗೊತ್ತಾಗುತ್ತದೆ. ಈ ಜೋಡಿ ನನಗೆ ಕೈಕೊಟ್ಟಿದ್ದು ಕಡಿಮೆ.

ಕೊಳ್ಳುವಾಗ ಡಿಸಿ ಆಂಪ್ ಅಳೆಯುವ ಕ್ಲಾಂಪ್ ಎಂದು ಖಾತ್ರಿ ಮಾಡಿಕೊಳ್ಳಿ. ಮನೆ ವೈರಿಂಗ್‌ನ ಅಗ್ಗದ ಕ್ಲಾಂಪ್ ಎಸಿ ಮಾತ್ರ ಅಳೆಯುತ್ತದೆ, ಟ್ರಕ್ಕಿನಲ್ಲಿ ಸೊನ್ನೆ ತೋರಿಸುತ್ತದೆ. ಅಳೆಯುವ ಮೊದಲು ಝೀರೋ ಒತ್ತಿ. ಒಂದೇ ತಂತಿಯನ್ನು ಹಿಡಿಯಿರಿ. ಹೋಗುವ ತಂತಿ, ಬರುವ ತಂತಿ ಎರಡನ್ನೂ ಹಿಡಿದರೆ ಒಂದನ್ನೊಂದು ಕಳೆದುಬಿಡುತ್ತವೆ.

ಇನ್‌ಫ್ರಾರೆಡ್ ಗನ್? ಯಾವ ಪೈಪು ಬಿಸಿಯಾಗಿಲ್ಲ ಎಂದು ಬೇಗ ಹೇಳುತ್ತದೆ, ಯಾಕೆ ಎಂದು ಹೇಳುವುದಿಲ್ಲ. ಟ್ಯಾಂಕ್ ಹತ್ತಿರ ಕೂಲೆಂಟಿನ ಬಿಸಿಯೂ ಸೇರಿ ಗೊಂದಲ.

ಎರಡು ಲೈನಿನ ಪ್ಲಗ್ ಒಂದೇ ತರಹ ಇದ್ದರೆ ಅದಲುಬದಲು ಮಾಡಿ ನೋಡುವ ದಾರಿಯೂ ಇದೆ. ಕೋಡ್ 4354ರಿಂದ 4355ಕ್ಕೆ ಹಾರಿದರೆ ಪೈಪು ಕೆಟ್ಟಿದೆ, ಹಾರದಿದ್ದರೆ ವೈರಿಂಗ್. ಪುಕ್ಕಟೆ, ನಂಬಬಹುದು. ಆದರೆ ಮೈನಸ್ 30ರಲ್ಲಿ ಪ್ಲಾಸ್ಟಿಕ್ ಲಾಕ್ ಎಳೆದರೆ ಮುರಿಯುತ್ತದೆ. ಗಾಡಿ ಒಳಗೆ ತಂದು ಬೆಚ್ಚಗಾಗಲು ಬಿಟ್ಟು ಆಮೇಲೆ ಮಾಡಿ.

2020ರಲ್ಲಿ ಭಾರತದಲ್ಲಿ ಬಿಎಸ್ 6 ಹೊಗೆ ನಿಯಮ ಬಂದ ಮೇಲೆ ಹುಬ್ಬಳ್ಳಿ ಕಡೆಯ ಗೆಳೆಯರೂ ಕೇಳುತ್ತಿರುತ್ತಾರೆ: ನಮ್ಮಲ್ಲಿ ಹೆಪ್ಪುಗಟ್ಟುವ ಚಳಿಯೇ ಇಲ್ಲ, ಹೀಟರ್ ಕೋಡ್ ಯಾಕೆ? ಹೀಟರ್ ಬೇಕೋ ಬೇಡವೋ, ಅದು ಇರುವ ಗಾಡಿಯಲ್ಲಿ ಇಸಿಎಂ ಅದರ ತಂತಿಯನ್ನು ಪರೀಕ್ಷಿಸುತ್ತಲೇ ಇರುತ್ತದೆ. ಬಿಳಿ ಉಪ್ಪಿಗೆ ಚಳಿ ಬೇಕಿಲ್ಲ, ಸೋರಿಕೆ ಸಾಕು. ಅಲ್ಲಿನ ದೊಡ್ಡ ಲಾರಿಗಳು 24 ವೋಲ್ಟಿನವು, ಹಾಗಾಗಿ ಬಲ್ಬ್ ಟೆಸ್ಟಿಗೆ ಇಲ್ಲಿನ 55 ವ್ಯಾಟಿನದು ಹಾಕಿದರೆ ಸುಟ್ಟುಹೋಗುತ್ತದೆ. 24 ವೋಲ್ಟಿನ 70 ವ್ಯಾಟ್ ಬಲ್ಬ್ ತೆಗೆದುಕೊಳ್ಳಿ, ಸುಮಾರು 3 ಆಂಪ್ ಎಳೆಯುತ್ತದೆ.