1045 ಎರರ್‌ಗೆ ಮೂರು ಮದ್ದು: ಯಾವುದು ನಿಲ್ಲುತ್ತೆ, ಯಾವುದು ಕೈಕೊಡುತ್ತೆ

ತುಮಕೂರಿನ ಕಾಲೇಜಿಗೆ ಮೂಡಲ್ (ಆನ್‌ಲೈನ್ ಪಾಠದ ಸಾಫ್ಟ್‌ವೇರ್) ಹಾಕಿ, ತಿಪಟೂರಿನ ಕೊಬ್ಬರಿ ವ್ಯಾಪಾರಿಗೆ ವರ್ಡ್‌ಪ್ರೆಸ್ (ವೆಬ್‌ಸೈಟ್ ಕಟ್ಟುವ ಸಾಫ್ಟ್‌ವೇರ್) ಹಾಕಿ, ನಡುವೆ ಎಲ್ಲೋ ಒಂದು ಕಡೆ ಅವುಗಳ ಡೇಟಾ ಇಡುವ ಡೇಟಾಬೇಸ್ ಸರ್ವರ್ ಮೈಎಸ್‌ಕ್ಯೂಎಲ್ ‘ಆಕ್ಸೆಸ್ ಡಿನೈಡ್’ (ಒಳಗೆ ಬಿಡಲ್ಲ) ಅಂತ ಎರರ್ 1045 ತೋರಿಸಿಯೇ ತೋರಿಸುತ್ತೆ. ಇದಕ್ಕೆ ಜನ ಹೇಳುವ ಮದ್ದು ಮುಖ್ಯವಾಗಿ ಮೂರು. ಮೂರನ್ನೂ ಉಬುಂಟು (ಲಿನಕ್ಸ್‌ನ ಒಂದು ಬಗೆ) ಸರ್ವರ್‌ಗಳ ಮೇಲೆ ಮಾಡಿ ನೋಡಿದ್ದೇನೆ.

ಮದ್ದಿಗೆ ಮೊದಲು ಎರರ್‌ನ ಬಾಲ ಓದಿ. ‘ಯೂಸಿಂಗ್ ಪಾಸ್‌ವರ್ಡ್: ನೋ’ ಅಂತಿದ್ದರೆ ಪಾಸ್‌ವರ್ಡ್ ಸರ್ವರ್‌ವರೆಗೆ ಹೋಗಿಯೇ ಇಲ್ಲ, ಸೈಟಿನ ಕಾನ್ಫಿಗ್ ಫೈಲ್ (ಡೇಟಾಬೇಸಿನ ಯೂಸರ್, ಪಾಸ್‌ವರ್ಡ್ ಬರೆದಿರುವ ಫೈಲ್) ತೆಗೆದು ನೋಡಬೇಕು. ‘ಯೆಸ್’ ಅಂತಿದ್ದರೆ ಏನೋ ಒಂದು ಹೋಗಿದೆ, ತಾಳೆಯಾಗಿಲ್ಲ.

ಮೊದಲನೆಯದು, ಸ್ಕಿಪ್-ಗ್ರಾಂಟ್-ಟೇಬಲ್ಸ್ (ಪಾಸ್‌ವರ್ಡ್, ಅನುಮತಿ ಯಾವುದನ್ನೂ ನೋಡಬೇಡ ಅನ್ನುವ ಆಯ್ಕೆ) ಹಾಕಿ ಸರ್ವರ್ ಶುರುಮಾಡಿ, ಎಲ್ಲ ಅಧಿಕಾರವೂ ಇರುವ ಯೂಸರ್ ಆದ ರೂಟ್‌ನ ಪಾಸ್‌ವರ್ಡ್ ಬದಲಿಸುವುದು. ಎಲ್ಲರೂ ಮೊದಲು ಇದಕ್ಕೇ ಕೈ ಹಾಕುತ್ತಾರೆ, ಬಹುತೇಕ ಸಲ ಇದು ಬೇಕಾಗಿಯೇ ಇರುವುದಿಲ್ಲ. ಉಬುಂಟುವಿನಲ್ಲಿ ಮೈಎಸ್‌ಕ್ಯೂಎಲ್ ರೂಟ್ ಸಾಮಾನ್ಯವಾಗಿ ‘ಆತ್ ಸಾಕೆಟ್’ ಮೇಲೆ ಇರುತ್ತೆ: ಪಾಸ್‌ವರ್ಡ್ ಕೇಳುವುದೇ ಇಲ್ಲ, ಲಿನಕ್ಸ್‌ನಲ್ಲಿ ನೀವು ಯಾರು ಅಂತ ಮಾತ್ರ ನೋಡುತ್ತೆ. ಸುಡೊ (ಲಿನಕ್ಸ್ ರೂಟ್ ಅಧಿಕಾರದಲ್ಲಿ ಕಮಾಂಡ್ ಓಡಿಸುವುದು) ಹಾಕಿ ಮೈಎಸ್‌ಕ್ಯೂಎಲ್ ಅಂತ ಟೈಪಿಸಿದರೆ ನೇರ ಒಳಗೆ. ಹಾಗಿರುವಾಗ ಪಾಸ್‌ವರ್ಡ್ ಬದಲಿಸಿ ಏನು ಬಂತು? ಅದೂ ಅಲ್ಲದೆ, ಆ ಸ್ಥಿತಿಯಲ್ಲಿ ಸರ್ವರ್ ಯಾರನ್ನೂ ಕೇಳದೆ ಒಳಗೆ ಬಿಡುತ್ತೆ. ಮೈಎಸ್‌ಕ್ಯೂಎಲ್ 8.0 ಆವೃತ್ತಿಯಿಂದ ಅದು ನೆಟ್‌ವರ್ಕ್ ಸಂಪರ್ಕವನ್ನು ತಾನೇ ಮುಚ್ಚಿಕೊಳ್ಳುತ್ತೆ ಅನ್ನುವುದೊಂದೇ ಸಮಾಧಾನ.

ಎರಡನೆಯದು, ರೂಟ್‌ನ್ನೇ ‘ಮೈಎಸ್‌ಕ್ಯೂಎಲ್ ನೇಟಿವ್ ಪಾಸ್‌ವರ್ಡ್’ ಅನ್ನುವ ಹಳೆಯ ದೃಢೀಕರಣ ಪ್ಲಗಿನ್‌ಗೆ ಬದಲಿಸಿ, ಆ ಪಾಸ್‌ವರ್ಡನ್ನು ಇನ್‌ಸ್ಟಾಲರ್‌ಗೆ ಕೊಡುವುದು. ಒಂದೇ ಸಾಲಿನ ಕೆಲಸ, ಇನ್‌ಸ್ಟಾಲ್ ಸರಾಗ. ಆದರೆ ಮುಂದಿನ ಕಥೆ ನೋಡಿ. 2024ರಲ್ಲಿ ಬಂದ 8.4ರಲ್ಲಿ ಈ ಪ್ಲಗಿನ್ ತಾನಾಗಿ ಚಾಲೂ ಇರುವುದಿಲ್ಲ, ಅದೇ ವರ್ಷದ 9.0ರಲ್ಲಿ ತೆಗೆದೇ ಹಾಕಿದ್ದಾರೆ. ಅಪ್‌ಗ್ರೇಡ್ ದಿನ ಸೈಟ್ ಮಲಗುತ್ತೆ. ಇನ್ನು ಕೊಬ್ಬರಿ ಸೈಟಿನ ಯಾವುದೋ ವರ್ಡ್‌ಪ್ರೆಸ್ ಪ್ಲಗಿನ್ ತೂತಾಗಿ ಕಾನ್ಫಿಗ್ ಸೋರಿದರೆ, ಅದೇ ಸರ್ವರ್‌ನಲ್ಲಿರುವ ಎಲ್ಲರ ಡೇಟಾಬೇಸೂ ಹೋಯಿತು. ಅಂಗಡಿ ಹುಡುಗನ ಕೈಗೆ ಇಡೀ ಕಾಂಪ್ಲೆಕ್ಸಿನ ಬೀಗದ ಗೊಂಚಲು ಕೊಟ್ಟ ಹಾಗೆ.

ಮೂರನೆಯದು ನನ್ನ ಆಯ್ಕೆ: ಪ್ರತಿ ಸಾಫ್ಟ್‌ವೇರ್‌ಗೂ ಒಂದು ಡೇಟಾಬೇಸ್, ಒಬ್ಬ ಯೂಸರ್, ಅದೊಂದರ ಮೇಲೆ ಮಾತ್ರ ಗ್ರಾಂಟ್ (ಅನುಮತಿ). ಹಳೆಯ ಗೈಡ್‌ಗಳಲ್ಲಿ ಗ್ರಾಂಟ್ ಸಾಲಿನಲ್ಲೇ ಪಾಸ್‌ವರ್ಡ್ ಕೊಟ್ಟು ಯೂಸರ್ ಹುಟ್ಟಿಸುತ್ತಾರೆ. 8.0ರಿಂದ ಅದು ನಡೆಯಲ್ಲ, ಮೊದಲು ಕ್ರಿಯೇಟ್ ಯೂಸರ್, ಆಮೇಲೆ ಗ್ರಾಂಟ್. ಮೂಡಲ್, ವರ್ಡ್‌ಪ್ರೆಸ್ ಎರಡೂ ಓಡುವ ಭಾಷೆ ಪಿಎಚ್‌ಪಿ 7.4ಕ್ಕಿಂತ ಹಳೆಯದಾಗಿದ್ದರೆ 1045 ಬದಲು 2054 ಬರಬಹುದು. ಅದು ಪಾಸ್‌ವರ್ಡ್ ತಪ್ಪಲ್ಲ, 8.0ರ ಹೊಸ ದೃಢೀಕರಣ ವಿಧಾನ ಹಳೆಯ ಪಿಎಚ್‌ಪಿಗೆ ಗೊತ್ತಿಲ್ಲ ಅಷ್ಟೇ. ಪಿಎಚ್‌ಪಿ ಏರಿಸುವುದೇ ಸರಿ.

ಇದರಲ್ಲೂ ಕೈಕೊಡುವ ಜಾಗಗಳಿವೆ. ಪಾಸ್‌ವರ್ಡ್ ‘ತೆಂಗು$ಕಾಯಿ’ ಅಂದುಕೊಳ್ಳಿ. ಕಾನ್ಫಿಗ್ ಫೈಲಿನಲ್ಲಿ ಅದನ್ನು ಡಬಲ್ ಕೋಟ್ ಒಳಗೆ ಬರೆದರೆ, ಪಿಎಚ್‌ಪಿ ಡಾಲರ್ ಗುರುತಿನಿಂದ ಮುಂದಿನದನ್ನು ವೇರಿಯಬಲ್ ಅಂದುಕೊಂಡು ನುಂಗುತ್ತೆ, ಸರ್ವರ್‌ಗೆ ಹೋಗುವುದು ಬರೀ ‘ತೆಂಗು’. ಎರರ್‌ನಲ್ಲಿ ‘ಯೆಸ್’ ಅಂತಲೇ ಇರುತ್ತೆ! ಸಿಂಗಲ್ ಕೋಟ್ ಹಾಕಿ, ಮುಗಿಯಿತು. ಡಾಕರ್‌ನಲ್ಲಾದರೆ (ಪ್ರತಿ ಸಾಫ್ಟ್‌ವೇರನ್ನೂ ಕಂಟೈನರ್ ಅನ್ನುವ ಪ್ರತ್ಯೇಕ ಡಬ್ಬದಲ್ಲಿ ಓಡಿಸುವ ವ್ಯವಸ್ಥೆ) ಆ್ಯಪ್ ಬೇರೆ ಕಂಟೈನರ್‌ನಿಂದ ಬರುತ್ತೆ, ಆದ್ದರಿಂದ ‘ಲೋಕಲ್‌ಹೋಸ್ಟ್’ಗೆ (ಅದೇ ಯಂತ್ರದಿಂದ ಬರುವವರಿಗೆ) ಮಾಡಿದ ಯೂಸರ್ ತಾಳೆಯಾಗಲ್ಲ. ಅಲ್ಲಿ ಎನ್ವಿರಾನ್‌ಮೆಂಟ್ ಪಾಸ್‌ವರ್ಡ್ (ಕಂಟೈನರ್ ಶುರುಮಾಡುವಾಗ ಕೊಡುವ ಪಾಸ್‌ವರ್ಡ್) ಕೂಡ ಖಾಲಿ ವಾಲ್ಯೂಮ್ (ಡೇಟಾ ಉಳಿಯುವ ಜಾಗ) ಮೇಲೆ ಮೊದಲ ಸಲ ಶುರುವಾದಾಗ ಮಾತ್ರ ಕೂರುತ್ತೆ. ಆಮೇಲೆ ಎಷ್ಟು ತಿದ್ದಿದರೂ ಹಳೆಯದೇ.

ಬ್ರೌಸರ್ ತೆರೆಯುವ ಮುಂಚೆ ಆ ಹೊಸ ಯೂಸರ್ ಹೆಸರಲ್ಲೇ ಟರ್ಮಿನಲ್‌ನಿಂದ ಲಾಗಿನ್ ಆಗಿ ನೋಡಿ. ಅಲ್ಲಿ ಆಗಿ, ಸೈಟಿನಲ್ಲಿ ಆಗದಿದ್ದರೆ ಮೊದಲು ಕಾನ್ಫಿಗ್ ಫೈಲ್ ಹುಡುಕಿ. ಮೊದಲನೆಯ ಮದ್ದನ್ನು ನಾನು ಎತ್ತಿಟ್ಟಿರುವುದು ಹಿಂದೆ ನೋಡಿಕೊಳ್ಳುತ್ತಿದ್ದವರು ಯಾವ ಪಾಸ್‌ವರ್ಡೂ ಬರೆದಿಡದೆ ಬಿಟ್ಟುಹೋದ, ಸುಡೊಗೂ ಬಗ್ಗದ ಸರ್ವರ್‌ಗಳಿಗೆ.