ಮೂಗಿನ ಆಪರೇಷನ್ ಆಗಿ ವರ್ಷಗಳಾದರೂ ಊತ ಇದೆಯಾ? 'ನಾರ್ಮಲ್ ಮೇಡಂ' ಅಂದರೆ ನಂಬಬೇಡಿ

ಇದನ್ನು ಬರೆಯಲು ನಾಚಿಕೆ ಆಗುತ್ತದೆ. ಅಮ್ಮನನ್ನು ಬಿಟ್ಟರೆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನೆಂಟರಿಗೆಲ್ಲ 'ಮೂಗಿನ ಒಳಗೆ ಎಲುಬು ಸೊಟ್ಟ ಇತ್ತು, ಉಸಿರಾಟಕ್ಕೆ ತೊಂದರೆ' ಎಂದು ಸುಳ್ಳು ಹೇಳಿದ್ದೆ. ಕದ್ದು ಮಾಡಿಸಿಕೊಂಡವಳು ಈಗ ಜೋರಾಗಿ ಅಳುವ ಹಾಗೂ ಇಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

2021ರ ಜನವರಿ. ಬೆಂಗಳೂರಿನ ಒಂದು ಕಾಸ್ಮೆಟಿಕ್ ಕ್ಲಿನಿಕ್. ನನ್ನದು ಚಪ್ಪಟೆ ಮೂಗು, ಸ್ವಲ್ಪ ಎತ್ತರ ಮಾಡಿಸೋಣ ಎಂದು ಹೋದೆ. 1 ಲಕ್ಷ 40 ಸಾವಿರ, ಅದರಲ್ಲಿ ಅರ್ಧ ಇಎಂಐ. 'ನಿಮ್ಮ ಕಿವಿಯ ಕಾರ್ಟಿಲೇಜನ್ನೇ (ಮೆದು ಎಲುಬು) ತೆಗೆದು ಮೂಗಿಗೆ ಇಡ್ತೀವಿ ಮೇಡಂ, ಹೊರಗಿನದ್ದು ಏನೂ ಹಾಕಲ್ಲ' ಎಂದರು. ಈ ಮಾತು ನೆನಪಿಟ್ಟುಕೊಳ್ಳಿ. ಕಿವಿಯದ್ದು.

ಮಾಸ್ಕ್ ಕಾಲ ಆದ್ದರಿಂದ ಊದಿಕೊಂಡ ಮೂಗನ್ನು ಯಾರೂ ನೋಡಲಿಲ್ಲ. ಮೊದಲ ವರ್ಷ ಊತ ಇರುತ್ತದೆ, ಅದು ಎಲ್ಲರಿಗೂ ಗೊತ್ತು. ತುದಿಯದ್ದು ಕೊನೆಗೆ ಇಳಿಯುತ್ತದೆ, ಚರ್ಮ ದಪ್ಪ ಇದ್ದವರಿಗೆ ಒಂದೂವರೆ ವರ್ಷವೂ ಆಗಬಹುದು. ನನ್ನದು ಪೂರ್ತಿ ಇಳಿಯಿತು. ಮೂಗುತಿ ಕೂಡ ಹಾಕಿಕೊಂಡೆ. ಚೆನ್ನಾಗೇ ಇತ್ತು, ಸುಳ್ಳು ಯಾಕೆ ಹೇಳಲಿ.

2023ರ ನವೆಂಬರಿನಲ್ಲಿ ಮತ್ತೆ ಊದಿಕೊಂಡಿತು. ಬೆಳಿಗ್ಗೆ ಜಾಸ್ತಿ, ಸಂಜೆ ಕಡಿಮೆ. ಒತ್ತಿದರೆ ನೋವು. ಚಳಿಗೆ ತುದಿ ಕೆಂಪಗಾಗುತ್ತಿತ್ತು. ಕ್ಲಿನಿಕ್‌ಗೆ ಓಡಿದೆ. ಡಾಕ್ಟರ್ ಎರಡು ನಿಮಿಷ ನೋಡಿ 'ಥಿಕ್ ಸ್ಕಿನ್ (ದಪ್ಪ ಚರ್ಮ), ಒಳಗೆ ಸ್ಕಾರ್ (ಗಾಯದ ಗಂಟು) ಇದೆ, ಒಂದು ಸ್ಟೆರಾಯ್ಡ್ ಇಂಜೆಕ್ಷನ್ ಸಾಕು' ಎಂದರು. ಒಂದಲ್ಲ, ಮೂರು ಆಯಿತು. ಪ್ರತಿ ಸಲ 4 ಸಾವಿರ. ಪ್ರತಿ ಸಲ ಹದಿನೈದು ದಿನ ಇಳಿದು ಮತ್ತೆ ಬಂತು. ಮೂರನೆಯದಾದ ಮೇಲೆ ಒಂದು ಕಡೆ ಚರ್ಮ ತೆಳುವಾಗಿ ಗುಳಿ ಬಿತ್ತು, ಬಣ್ಣ ಬೇರೆ ಬಿಳುಚಿಕೊಂಡಿತು.

ವಾಟ್ಸ್ಆಪ್‌ನಲ್ಲಿ ಅವರ ಉತ್ತರಗಳು ಈಗಲೂ ಇವೆ. 'ಹೀಲ್ ಆಗ್ತಿದೆ ಮೇಡಂ.' 'ರಾತ್ರಿ ಟೇಪ್ ಹಾಕಿ ಮಲಗಿ ಮೇಡಂ.' 'ಸರ್ ಓಟಿಯಲ್ಲಿದ್ದಾರೆ ಮೇಡಂ.' ಫೋಟೋ ಕಳಿಸಿದರೆ ಒಂದು ಹೂವಿನ ಚಿತ್ರ. ಹೂವು! ಮೂರು ವರ್ಷ ಹಿಂದೆ ಆದ ಆಪರೇಷನ್ನಿನ ಗಾಯ ಇನ್ನೂ ಹೀಲ್ ಆಗುತ್ತದೆಯಾ? ಆಗ ಈ ಪ್ರಶ್ನೆ ನನಗೆ ಹೊಳೆಯಲೇ ಇಲ್ಲ.

ಕಳೆದ ವರ್ಷ ಫೆಬ್ರವರಿಯಲ್ಲಿ ಅಮ್ಮ ಎಳೆದುಕೊಂಡು ಹೋಗಿ ಬೇರೊಬ್ಬ ಇಎನ್‌ಟಿ ಡಾಕ್ಟರಿಗೆ ತೋರಿಸಿದರು. ವಯಸ್ಸಾದವರು, ಮಾತು ಕಡಿಮೆ. ಎಲ್ಲ ಕೇಳಿಸಿಕೊಂಡು 'ಯಾವ ಕಿವಿಯಿಂದ ತೆಗೆದರಮ್ಮ?' ಎಂದರು. ನಾನು ಸುಮ್ಮನಾದೆ. ಗೊತ್ತಿಲ್ಲ ನನಗೆ. ಅವರು ಎದ್ದು ಬಂದು ಎರಡೂ ಕಿವಿಯನ್ನು ಮಡಚಿ ನೋಡಿದರು. ಹಿಂದೆ ನೋಡಿದರು, ಮುಂದೆ ನೋಡಿದರು, ಟಾರ್ಚ್ ಹಾಕಿ ನೋಡಿದರು. 'ಒಂದು ಗೆರೆಯೂ ಇಲ್ಲವಲ್ಲಮ್ಮ.'

ಆ ಕ್ಷಣ ನನಗೆ ಎಷ್ಟು ಅವಮಾನ ಆಯಿತು ಎಂದರೆ! ಆಪರೇಷನ್ ದಿನ ಕಿವಿಗೆ ಬ್ಯಾಂಡೇಜ್ ಇರಲಿಲ್ಲ. ಕಿವಿ ನೋಯಲೂ ಇಲ್ಲ. ಕಿವಿ ಕೊಯ್ದಿದ್ದರೆ ನೋಯಬೇಕಲ್ವಾ? ಎಂಎಸ್ಸಿ ಓದಿದವಳು ನಾನು. ಕನ್ನಡಿಯಲ್ಲಿ ಬರೀ ಮೂಗು ನೋಡಿಕೊಂಡೆ.

ಸಿಟಿ ಸ್ಕ್ಯಾನ್ ಆಯಿತು. ಮೂಗಿನ ಉದ್ದಕ್ಕೂ ಒಂದು ಪಟ್ಟಿ, ಅದರ ಸುತ್ತ ನೀರು. ಸಿಲಿಕೋನ್ ಇಂಪ್ಲಾಂಟ್, ಅಂದರೆ ಅವರು ಹಾಕಲ್ಲ ಎಂದಿದ್ದ ಹೊರಗಿನದ್ದೇ. ಅದಕ್ಕೆ ಸೋಂಕು ತಗುಲಿತ್ತು. ಸ್ಟೆರಾಯ್ಡ್ ಹಾಕಿದಾಗಲೆಲ್ಲ ಊತ ಇಳಿದದ್ದು ಸೋಂಕು ಅಡಗಿ ಕೂತದ್ದಷ್ಟೇ ಎಂದು ಈ ಡಾಕ್ಟರ್ ಹೇಳಿದರು.

ಎಲ್ಲರದ್ದೂ ನನ್ನ ಹಾಗೇ ಇರುತ್ತದೆ ಎಂದು ಹೇಳುತ್ತಿಲ್ಲ. ವರ್ಷಗಳಾದ ಮೇಲೆ ಮೂಗು ದಪ್ಪ ಕಾಣಲು ಕಾರಣ ಬೇಕಾದಷ್ಟಿವೆಯಂತೆ. ತುದಿಯ ಸ್ವಲ್ಪ ಮೇಲೆ ಗಾಯದ ಗಂಟು ಕಟ್ಟಿ ಗಿಣಿಯ ಕೊಕ್ಕಿನ ಹಾಗೆ ಆಗಬಹುದು. ತುದಿಗೆ ಆಸರೆ ಕುಸಿದು ಅದರ ಮೇಲಿನ ಭಾಗ ಉಬ್ಬಿದ ಹಾಗೆ ಕಾಣಬಹುದು, ಅದು ಊತವೇ ಅಲ್ಲ. ಕರಗದ ಹೊಲಿಗೆ ದಾರದ ಸುತ್ತ ಕೀವು ತುಂಬಬಹುದು. ಒಳಪದರದ ಚೂರು ಚರ್ಮದ ಕೆಳಗೆ ಸಿಕ್ಕಿ ನೀರುಗುಳ್ಳೆ ಆಗಬಹುದು. ಮೂಗಿನೊಳಗೆ ತುರುಕಿದ ಮುಲಾಮು ಒಳಗೆ ಸೇರಿ ಗಂಟಾಗುವುದೂ ಉಂಟು. ಕೆಲವರಿಗೆ ಬರೀ ಅಲರ್ಜಿ, ಸೈನಸ್. ಒಂದೊಂದಕ್ಕೂ ಮದ್ದು ಬೇರೆ. ಒಳಗೆ ಏನಿದೆ ಎಂದು ನೋಡದೆ ಸೂಜಿ ಚುಚ್ಚುವುದು ಯಾವ ವೈದ್ಯ? ಪೂರ್ತಿ ಇಳಿದು ಎರಡು ವರ್ಷ ಸುಮ್ಮನಿದ್ದ ಊತ ಮತ್ತೆ ಬಂದರೆ ಅದಕ್ಕೆ ಥಿಕ್ ಸ್ಕಿನ್ ಕಾರಣ ಹೇಗಾಗುತ್ತದೆ? ಚರ್ಮ ಏನು ರಜೆ ಹಾಕಿ ಹೋಗಿತ್ತಾ?

ಸ್ಕ್ಯಾನ್ ಹಿಡಿದು ಕ್ಲಿನಿಕ್‌ಗೆ ಹೋಗಿ ಆಪರೇಷನ್ ನೋಟ್ಸ್ (ಏನು ಮಾಡಿದರು, ಏನು ಹಾಕಿದರು ಎಂದು ಬರೆದಿಡುವ ದಾಖಲೆ) ಕೇಳಿದೆ. ಕೌಂಟರಿನ ಹುಡುಗಿ ನಗುತ್ತಲೇ ಹೇಳಿದಳು: 'ಮೂರು ವರ್ಷ ಆದ ಮೇಲೆ ಫೈಲ್ ಇಡಲ್ಲ ಮೇಡಂ, ರೂಲ್ಸೇ ಹಾಗಿದೆ.' ವಿಚಾರಿಸಿದೆ. ವೈದ್ಯರು ದಾಖಲೆ ಇಟ್ಟಿರಬೇಕಾದ್ದು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷವೇ. ಆದರೆ ಅಷ್ಟರೊಳಗೆ ಕೇಳಿದರೆ 72 ಗಂಟೆಯಲ್ಲಿ ಕೊಡಬೇಕು. ನವೆಂಬರ್ 2023ರಲ್ಲಿ ಹೋದಾಗ ನನ್ನ ಫೈಲ್ ಅದೇ ಕೌಂಟರಿನ ಮೇಲೆ ಇತ್ತು! ಹಸಿರು ಫೈಲ್, ಕಣ್ಣಾರೆ ನೋಡಿದ್ದೇನೆ. ಅವತ್ತೇ ಒಂದು ಅರ್ಜಿ ಬರೆದು ಕೊಟ್ಟಿದ್ದರೆ ಸಾಕಿತ್ತು. ನನ್ನ ಹತ್ತಿರ ಇರುವುದು ಒಂದು ಹಾಳೆ ಡಿಸ್ಚಾರ್ಜ್ ಸಮರಿ, ಅದರಲ್ಲಿ ಬರೀ 'ರೈನೋಪ್ಲಾಸ್ಟಿ (ಮೂಗಿನ ಆಕಾರದ ಆಪರೇಷನ್) ಮಾಡಲಾಗಿದೆ'. ಏನು ಹಾಕಿದರು, ಯಾವ ಕಂಪನಿಯದ್ದು, ಒಂದೂ ಇಲ್ಲ.

ಡಾಕ್ಟರ್ ಹೊರಗೆ ಬರಲೇ ಇಲ್ಲ. ಆಮೇಲೆ ಮೆಸೇಜ್ ಬಂತು: 'ಕನ್ಸೆಂಟ್‌ಗೆ (ಒಪ್ಪಿಗೆ ಪತ್ರಕ್ಕೆ) ನೀವೇ ಸೈನ್ ಮಾಡಿದ್ದೀರಿ.' ಮಾಡಿದ್ದೇನೆ. ಆಪರೇಷನ್ ದಿನ ಬೆಳಿಗ್ಗೆ, ಗೌನ್ ಹಾಕಿಸಿದ ಮೇಲೆ, ಓದದೆ.

ಮಾಡಿಸಿದವರು ಇವತ್ತೇ ಆಪರೇಷನ್ ನೋಟ್ಸ್ ಲಿಖಿತವಾಗಿ ಕೇಳಿ. ಇಂಪ್ಲಾಂಟ್ ಹಾಕಿದ್ದರೆ ಅದರ ಪ್ಯಾಕೆಟ್ಟಿನ ಸ್ಟಿಕ್ಕರ್ ಕೇಳಿ. ಊತ ಮತ್ತೆ ಬಂದರೆ ಕೊಯ್ದವರನ್ನೇ ನಂಬಿ ಕೂರಬೇಡಿ, ಬೇರೆಯವರಿಗೆ ತೋರಿಸಿ, ಒಳಗೆ ನೋಡಿಸಿ. ನೋವು, ಕೆಂಪು, ಜ್ವರ ಇದ್ದರೆ ಒಂದು ದಿನವೂ ಕಾಯಬೇಡಿ.

ಇಂಪ್ಲಾಂಟ್ ತೆಗೆಸಿದ್ದಾಯಿತು. ಮೂಗು ಮೊದಲಿಗಿಂತ ಚಪ್ಪಟೆ, ಗುಳಿ ಹಾಗೇ ಇದೆ. ಸರಿಪಡಿಸಲು ಕನಿಷ್ಠ ಒಂದು ವರ್ಷ ಕಾಯಬೇಕಂತೆ. ಅಮ್ಮ ಬೈಯಲಿಲ್ಲ, 'ಕೋಪದಲ್ಲಿ ಕೊಯ್ದ ಮೂಗು ಶಾಂತಿ ಆದ ಮೇಲೆ ಬರುತ್ತಾ' ಅಂತ ಒಂದೇ ಸಲ ಗೊಣಗಿದರು. ನಾನು ಕೋಪದಲ್ಲಿ ಕೊಯ್ಸಿಕೊಂಡವಳೂ ಅಲ್ಲ, ಇಎಂಐ ಕಟ್ಟಿ ಕೊಯ್ಸಿಕೊಂಡವಳು.

ಕ್ಲಿನಿಕ್ ಹೆಸರು ಕೇಳಬೇಡಿ. ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಟ್ಟಿದ್ದೇನೆ, ಅದು ಮುಗಿಯುವ ತನಕ ಬಾಯಿ ಬಿಡಬೇಡಿ ಎಂದು ವಕೀಲರು ಹೇಳಿದ್ದಾರೆ. ತೆಗೆದ ಪಟ್ಟಿಯ ಫೋಟೋವನ್ನು ಮಾತ್ರ ಕ್ಲಿನಿಕ್‌ನ ಅದೇ ನಂಬರಿಗೆ ಕಳಿಸಿದೆ. ನೀಲಿ ಗೆರೆ ಬಿದ್ದಿದೆ. ಈ ಸಲ ಹೂವು ಬಂದಿಲ್ಲ.