ಪ್ರಿನ್ಸೆಸ್ ಸ್ಟ್ರೀಟ್‌ನಲ್ಲಿ ನಾನು ಸಿರಿಂಜ್ ಕೊಳ್ಳುವ ಅಂಗಡಿ

ನಾನು ಅರಿವಳಿಕೆ ವೈದ್ಯೆ. ಮುಂಬೈನ ನಾಲ್ಕೈದು ನರ್ಸಿಂಗ್ ಹೋಮ್‌ಗಳಿಗೆ ನನ್ನದೇ ಬ್ಯಾಗ್ ಹಿಡಿದು ಓಡಾಡುತ್ತೇನೆ, ಸಿರಿಂಜ್ ಕೂಡ ನಾನೇ ಕೊಳ್ಳಬೇಕು. ಮರೀನ್ ಲೈನ್ಸ್ ಸ್ಟೇಷನ್ ಹತ್ತಿರದ ಈ ಚಿಕ್ಕ ಅಂಗಡಿಯಲ್ಲಿ 2, 5, 10, 20, 50 ಎಂಎಲ್ ಎಲ್ಲವೂ ಒಂದೇ ಕಂಪನಿಯದ್ದು ಸಿಗುತ್ತದೆ. ನನಗೆ ಅದೇ ಮುಖ್ಯ.

ಯಾಕೆ ಅಂದರೆ, ನನ್ನ ಟ್ರೇನಲ್ಲಿ ನಿದ್ದೆ ಬರಿಸುವ ಪ್ರೊಪೋಫಾಲ್ ಯಾವಾಗಲೂ 20ರಲ್ಲಿ, ಸ್ನಾಯು ಸಡಿಲಿಸುವ ಅಟ್ರಾಕ್ಯೂರಿಯಂ 5ರಲ್ಲಿ, ಹೃದಯದ ಬಡಿತ ಹೆಚ್ಚಿಸುವ ಅಟ್ರೋಪಿನ್ 2ರಲ್ಲಿ, ಬಿಪಿ ಏರಿಸುವ ಔಷಧಿಯನ್ನು ಸಲೈನ್ ಸೇರಿಸಿ 10ರಲ್ಲಿ ಇಡುತ್ತೇನೆ. ಗಡಿಬಿಡಿಯಲ್ಲಿ ಕೈಗೆ ಗಾತ್ರ ಗೊತ್ತಾಗುತ್ತದೆ. ಆದರೆ ಸುಮ್ನೆ ಗಾತ್ರ ನಂಬಿ ಕೊಡುವುದು ತಪ್ಪು, ಲೇಬಲ್ ಓದಲೇಬೇಕು. ಬಣ್ಣದ ಲೇಬಲ್ ರೋಲ್‌ಗಳೂ ಇಲ್ಲಿವೆ: ನಿದ್ದೆ ಬರಿಸುವುದಕ್ಕೆ ಹಳದಿ, ಸ್ನಾಯು ಸಡಿಲಿಸುವುದಕ್ಕೆ ಕೆಂಪು, ಫೆಂಟಾನಿಲ್ ತರಹದ ಬಲವಾದ ನೋವು ನಿವಾರಕಕ್ಕೆ ನೀಲಿ.

ಅಂಗಡಿಯವರು ಕುಂದಾಪುರದ ಕಡೆಯವರು. 50 ಎಂಎಲ್ ಕೇಳಿದ ಕೂಡಲೇ "ಪಂಪಿಗಾ ಮೇಡಂ? ಹಾಗಾದ್ರೆ ಲೂಯರ್ ಲಾಕ್ ತಗೊಳ್ಳಿ" ಅಂದರು. ಸರಿಯಾದ ಮಾತು, ಪಂಪ್ ಅಂದರೆ ಸಿರಿಂಜ್ ಅನ್ನು ನಿಧಾನಕ್ಕೆ ಒತ್ತುತ್ತಾ ಔಷಧಿ ಕೊಡುವ ಯಂತ್ರ; ಲೂಯರ್ ಲಾಕ್‌ನ ಹಾಗೆ ತಿರುಗಿಸಿ ಬಿಗಿಯುವ ತುದಿ ಇಲ್ಲದಿದ್ದರೆ ಒತ್ತಡಕ್ಕೆ ಟ್ಯೂಬ್ ಕಳಚಿಕೊಳ್ಳಬಹುದು, ಔಷಧಿ ರೋಗಿಗೆ ಹೋಗದೆ ಹಾಸಿಗೆ ಮೇಲೆ ಚೆಲ್ಲುತ್ತದೆ.

ಒಮ್ಮೆ ಒಂದು ಬಾಕ್ಸ್ 10 ಎಂಎಲ್ ಸಿರಿಂಜ್‌ಗಳ ಪ್ಲಂಜರ್, ಅಂದರೆ ಒತ್ತುವ ಕಡ್ಡಿ, ಜಾಸ್ತಿ ಬಿಗಿ ಇತ್ತು. ಅರ್ಧ ಎಂಎಲ್ ಕೊಡಲು ಒತ್ತಿದರೆ ಒಂದೂವರೆ ಜಾರುತ್ತಿತ್ತು. ಭಯ ಆಗುತ್ತದೆ ಅಲ್ವಾ? ವಾಪಸ್ ಕೊಟ್ಟಾಗ ಮರುಮಾತಿಲ್ಲದೆ ಬದಲಾಯಿಸಿ ಕೊಟ್ಟರು. ಬಾಕ್ಸ್ ಲೆಕ್ಕದಲ್ಲಿ ಕೊಂಡರೆ ದರ ಕಡಿಮೆ. ಭಾನುವಾರ ರಜೆ.